ಹಬ್ಬದ ಹಿಂದಿನ ರಾತ್ರಿ ಹತ್ತಕ್ಕೆ ಮಲಗುವುದು ಹೇಗೆ

ಗೌರಿ ಹಬ್ಬದ ಹಿಂದಿನ ರಾತ್ರಿ, ಗಂಟೆ ಒಂದೂವರೆ. ರುಬ್ಬಿದ ಹೂರಣ ತೆಳ್ಳಗಾಗಿ ಕೂತಿತ್ತು. ಮತ್ತೆ ಒಲೆ ಮೇಲಿಟ್ಟು ಗಟ್ಟಿ ಮಾಡೋಣ ಅಂದರೆ ಗ್ಯಾಸ್ ಮುಗಿದುಹೋಯಿತು. ಮನೆಯಲ್ಲಿ ತುಂಬಿದ ಸಿಲಿಂಡರ್ ಇರಲಿಲ್ಲ. ಬಾಗಿನದ ಮೊರಗಳಿಗೆ ಇನ್ನೂ ಅರಿಶಿನ ಹಚ್ಚಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ ಕಣ್ಣು ಎಳೆಯುತ್ತಿತ್ತು. ಮಂಗಳಾರತಿ ಆಗಿದ್ದೇ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ ಮಾತು. ಆಗ ಆರು ವರ್ಷದವಳಿದ್ದ ಮಗಳು ಪಕ್ಕಕ್ಕೆ ಬಂದು, "ಅಮ್ಮ, ಹಬ್ಬದ ದಿನ ಯಾಕೆ ಕೋಪ ಮಾಡ್ಕೊಂಡಿದೀಯ?" ಅಂತ ಕೇಳಿದಳು.

ನನಗೆ ಸುಸ್ತಾಗಿತ್ತು ಅಷ್ಟೇ. ಆದರೆ ಮಗುವಿನ ಕಣ್ಣಿಗೆ ಸುಸ್ತೂ ಕೋಪವೂ ಒಂದೇ ಥರ ಕಾಣುತ್ತವೆ.

ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದೇ ಒಂದು ನಿಯಮ. ಹಬ್ಬದ ಹಿಂದಿನ ರಾತ್ರಿ ಹತ್ತು ಗಂಟೆಗೆ ಅಡುಗೆಮನೆ ದೀಪ ಆರಬೇಕು. ಏನೇ ಉಳಿದಿದ್ದರೂ ಅದು ಈ ಸಲದ ಹಬ್ಬಕ್ಕೆ ಇಲ್ಲ ಅಂತ ಲೆಕ್ಕ. ಈ ಒಂದು ನಿಯಮ ಇಟ್ಟುಕೊಂಡರೆ ಮಿಕ್ಕ ಎಲ್ಲ ಕೆಲಸಕ್ಕೂ ತಾನಾಗಿಯೇ ಜಾಗ ಸಿಗುತ್ತದೆ. ಯಾವುದು ಯಾವಾಗ ಮುಗಿಯಬೇಕು ಅನ್ನುವುದನ್ನು ಆ ಹತ್ತು ಗಂಟೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದು. ಅದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆದಿದ್ದೇನೆ.

ತುಮಕೂರಿನವರಾದ ನಮಗೆ ಇದು ಹೊಸ ವಿಚಾರ ಏನಲ್ಲ. ಕುಣಿಗಲ್ ರಸ್ತೆಯಲ್ಲಿರುವ ಗೂಳೂರಿನ ಗಣಪನನ್ನು ನೋಡಿರುತ್ತೀರಲ್ವಾ? ಎಲ್ಲರ ಮನೆಯಲ್ಲೂ ಚೌತಿಯ ದಿನ ಗಣಪ ಬಂದು ಕೂತರೆ, ಗೂಳೂರಿನಲ್ಲಿ ಅವತ್ತು ಮಣ್ಣಿನ ಕೆಲಸ ಶುರು. ಬಲಿಪಾಡ್ಯಮಿಗೆ ಪ್ರತಿಷ್ಠಾಪನೆ. ಆಮೇಲೆ ಕಾರ್ತಿಕ ಪೂರ್ತಿ ಪೂಜೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ, ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. ನಡುವೆ ಸರಿಯಾಗಿ ಎಂಟು ವಾರ. ಅಷ್ಟು ದೊಡ್ಡ ಮೂರ್ತಿಯನ್ನು ಒಂದೇ ರಾತ್ರಿ ಮಾಡಲು ಹೋದರೆ ಮಣ್ಣು ಕುಸಿಯುತ್ತದೆ. ಒಂದು ಪದರ ಆರಿದ ಮೇಲೆ ಇನ್ನೊಂದು. ನಮ್ಮ ಹಬ್ಬದ ಕೆಲಸವನ್ನೂ ನಾನು ಹಾಗೇ ಹಂಚಿಕೊಂಡಿದ್ದೇನೆ.

ಹೆಜ್ಜೆ 1: ಆಷಾಢದಲ್ಲಿ ಒಂದು ಹಾಳೆ ಬರೆಯಿರಿ

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಭಾನುವಾರಗಳು ಖಾಲಿ ಸಿಗುತ್ತವೆ. ಅಂಥ ಒಂದು ಮಧ್ಯಾಹ್ನ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗಿನ ಎಲ್ಲ ಹಬ್ಬವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ಹಾಗೆ ಬರೆದಾಗಲೇ ಎಷ್ಟು ಒತ್ತಾಗಿದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. 2025ರದ್ದೇ ನೋಡಿ. ವರಮಹಾಲಕ್ಷ್ಮಿ ಆಗಸ್ಟ್ 8, ಗೌರಿ 26, ಗಣೇಶ 27, ನವರಾತ್ರಿ ಶುರುವಾಗಿದ್ದು ಸೆಪ್ಟೆಂಬರ್ 22, ಆಯುಧ ಪೂಜೆ ಅಕ್ಟೋಬರ್ 1, ವಿಜಯದಶಮಿ 2, ನರಕ ಚತುರ್ದಶಿ 20, ಬಲಿಪಾಡ್ಯಮಿ 22. ಮೊದಲ ಹಬ್ಬದಿಂದ ಕೊನೆಯ ಹಬ್ಬಕ್ಕೆ 75 ದಿನ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ ಎಲ್ಲವೂ ಮುಂದಕ್ಕೆ ಹೋಗಿ, ಗಣೇಶ ಸೆಪ್ಟೆಂಬರ್ 14ಕ್ಕೂ ದೀಪಾವಳಿ ಅಮಾವಾಸ್ಯೆ ನವೆಂಬರ್ 8ಕ್ಕೂ ಬರುತ್ತವೆ. ಹೋದ ವರ್ಷದ ತಾರೀಖು ತಲೆಯಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಅದೇ ಹಾಳೆಯಲ್ಲಿ ಮಕ್ಕಳ ಪರೀಕ್ಷೆ, ಆಫೀಸಿನ ಬಿಡುವಿಲ್ಲದ ವಾರಗಳು, ಹಿರಿಯರ ತಿಥಿ, ಹತ್ತಿರದವರ ಮನೆಯ ಸಮಾರಂಭ ಎಲ್ಲವನ್ನೂ ಬರೆಯಿರಿ. ಗೌರಿ-ಗಣೇಶ ಮುಗಿದ ಮೇಲೆ ಪಿತೃಪಕ್ಷದ 15 ದಿನ ಬರುತ್ತದೆ. ಆಗ ಹೊಸದೇನೂ ಕೊಳ್ಳುವುದಿಲ್ಲ, ಶುಭಕಾರ್ಯ ಮಾಡುವುದಿಲ್ಲ. ಹಿರಿಯರ ಕಾರ್ಯ ಇರುವ ದಿನ ಬಿಟ್ಟರೆ ಉಸಿರು ಬಿಡಲು ಸಿಗುವ ಸಮಯ ಅದೇ. ಆ 15 ದಿನಕ್ಕೆ ನಾನು ಹಾಳೆಯಲ್ಲಿ ಬೇರೆ ಬಣ್ಣ ಹಚ್ಚುತ್ತೇನೆ.

ಹೆಜ್ಜೆ 2: ಯಾವುದು ಬೇಕು ಅಂತ ಬಾಯಿಬಿಟ್ಟು ಕೇಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಈ ಹೆಜ್ಜೆ.

ಮದುವೆಯಾಗಿ ಬಂದಾಗಿನಿಂದ ನಮ್ಮತ್ತೆಗೆ ಹಬ್ಬ ಅಂದರೆ ಎಂಟೊಂಬತ್ತು ಬಗೆ ಆಗಲೇಬೇಕು ಅಂತ ನಾನು ತಿಳಿದಿದ್ದೆ. ಎರಡು ಕೋಸಂಬರಿ, ಎರಡು ಪಲ್ಯ, ಪುಳಿಯೋಗರೆ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಆಂಬೊಡೆ, ಪಾಯಸ. ಒಂದು ದಿನ ಅವರು ಜಗಲಿಯಲ್ಲಿ ಕೂತು ಗೆಜ್ಜೆವಸ್ತ್ರ ಮಾಡುತ್ತಿದ್ದರು. ಹತ್ತಿಯನ್ನು ಎಳೆದು, ಬೆರಳ ತುದಿಗೆ ಹಾಲು ಸೋಕಿಸಿಕೊಂಡು, ಒಂದೊಂದು ಗೆಜ್ಜೆಯಾಗಿ ಹೊಸೆದು, ನಡುವೆ ಕುಂಕುಮದ ಬೊಟ್ಟು ಇಡುತ್ತಾ ಹೋಗುತ್ತಿದ್ದರು. ನಾನೂ ಪಕ್ಕ ಕೂತೆ. "ಅತ್ತೆ, ಯಾವುದು ಇಲ್ಲದಿದ್ರೆ ನಿಮಗೆ ಹಬ್ಬ ಅನ್ನಿಸಲ್ಲ?" ಅಂತ ಕೇಳಿದೆ.

ಅವರು ಕೈ ನಿಲ್ಲಿಸಲಿಲ್ಲ. "ಒಬ್ಬಟ್ಟು ಇರಲಿ, ಅದರ ಸಾರು ಇರಲಿ. ಎಡೆಗೆ ಒಂದು ಕೋಸಂಬರಿ. ಇನ್ನೆಲ್ಲ ನಿನ್ನಿಷ್ಟ ಕಣಮ್ಮ. ನೀನು ಅಷ್ಟೊಂದು ಮಾಡ್ತೀಯ ಅಂತ ನಾನೂ ಸುಮ್ನೆ ಜೊತೆಗೆ ಮಾಡ್ತಿದ್ದೆ" ಅಂದರು.

ಅವರು ನನಗೋಸ್ಕರ ಮಾಡುತ್ತಿದ್ದರು, ನಾನು ಅವರಿಗೋಸ್ಕರ ಮಾಡುತ್ತಿದ್ದೆ. ಇಬ್ಬರಿಗೂ ಸೊಂಟ ನೋವು.

ಹಾಗಾಗಿ ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳಿ. ಯಾವ ಒಂದು ಅಡುಗೆ, ಯಾವ ಒಂದು ಪದ್ಧತಿ ನಿಮಗೆ ಬೇಕೇ ಬೇಕು? ನಮ್ಮನೆಯವರು ಹೇಳಿದ್ದು ಪುಳಿಯೋಗರೆ. ಮಗಳಿಗೆ ಬೇಕಾಗಿದ್ದು ಬಾಗಿಲ ಮುಂದೆ ದೊಡ್ಡ ರಂಗೋಲಿ. ಪಾಯಸದ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಯಾರೂ ಕೇಳದೆ ಉಳಿದದ್ದನ್ನು ಪಟ್ಟಿಯಿಂದ ತೆಗೆಯಿರಿ. ಕೆಲವು ಮನೆಗಳಲ್ಲಿ ಇದು ಒಂದೇ ಮಾತಿಗೆ ಆಗುವುದಿಲ್ಲ, ನನಗೆ ಗೊತ್ತು. "ನಮ್ಮ ಕಾಲದಲ್ಲಿ..." ಅಂತ ಶುರುವಾಗಬಹುದು. ಆಗ "ಬಿಡೋಣ" ಅನ್ನಬೇಡಿ, "ಈ ಸಲ ಗೌರಿಗೆ ಇದು, ದೀಪಾವಳಿಗೆ ಅದು ಮಾಡೋಣ" ಅನ್ನಿ. ಹಿರಿಯರಿಗೆ ಆ ಅಡುಗೆ ಮನೆಯಲ್ಲಿ ಉಳಿದಿದೆ ಅನ್ನುವ ಸಮಾಧಾನ ಮುಖ್ಯ.

ಹೆಜ್ಜೆ 3: ದುಡ್ಡನ್ನು ಕವರಿನಲ್ಲಿ ಹಾಕಿಡಿ

ಹಬ್ಬದ ತಲೆನೋವಿನಲ್ಲಿ ಅರ್ಧ ಭಾಗ ದುಡ್ಡಿನದು. ಎರಡೂವರೆ ತಿಂಗಳ ಖರ್ಚು ಎರಡು ಮೂರು ಸಂಬಳದ ಮೇಲೆ ಬೀಳುತ್ತದೆ. ನಿಮ್ಮ ಮನೆಗೆ ಹಬ್ಬಗಳಿಗೆಲ್ಲ ಸೇರಿ 15,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ದೀಪಾವಳಿ ಮುಗಿದ ಮುಂದಿನ ತಿಂಗಳಿಂದಲೇ ತಿಂಗಳಿಗೆ 1,500 ಎತ್ತಿಟ್ಟರೆ ಹತ್ತು ತಿಂಗಳಲ್ಲಿ ಅಷ್ಟೂ ಆಗಿರುತ್ತದೆ. ಬ್ಯಾಂಕಿನಲ್ಲಿ ಆರ್.ಡಿ. ಮಾಡಿಸಿದರೆ ಕೈಗೆ ಸಿಗದ ಹಾಗೆ ಇರುತ್ತದೆ. ಚೀಟಿ ಹಾಕುವವರು ನೋಂದಣಿ ಆದ ಚೀಟಿಯೇ ಅಂತ ನೋಡಿಕೊಂಡು ಹಾಕಿ. ಅದಕ್ಕೆಂದೇ 1982ರ ಕಾಯ್ದೆ ಇದೆ. ಬಾಯಿಮಾತಿನ ಚೀಟಿಯಲ್ಲಿ ಹಬ್ಬದ ದುಡ್ಡು ಕಳೆದುಕೊಂಡು ಕಣ್ಣೀರು ಹಾಕಿದವರನ್ನು ಹತ್ತಿರದಿಂದ ನೋಡಿದ್ದೇನೆ.

ಖರ್ಚು ಮಾಡುವಾಗ ನಾನು ಐದು ಕವರ್ ಮಾಡಿ ನಗದು ಹಾಕುತ್ತೇನೆ: ದಿನಸಿ, ಹೂವು-ಹಣ್ಣು, ಬಟ್ಟೆ, ಕೊಡುವುದು, ಓಡಾಟ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ದುಡ್ಡು ಹೋದದ್ದು ಗೊತ್ತಾಗುವುದಿಲ್ಲ. ಕವರ್ ತೆಳ್ಳಗಾಗುವುದು ಕೈಗೆ ಗೊತ್ತಾಗುತ್ತದೆ.

"ಕೊಡುವುದು" ಅನ್ನುವ ಕವರಿನಲ್ಲಿ ಮೊದಲ ಪಾಲು ಮನೆ ಕೆಲಸಕ್ಕೆ ಬರುವವರದು. ಅದನ್ನು ಹಬ್ಬದ ದಿನ ಕೊಡಬೇಡಿ, ಒಂದು ವಾರ ಮುಂಚೆ ಕೊಡಿ. ಅವರ ಮನೆಯಲ್ಲೂ ಅದೇ ದಿನ ಹಬ್ಬ. ಅವರೂ ಸಂತೆಗೆ ಹೋಗಬೇಕು. ಹಬ್ಬದ ದಿನ ರಜೆಯನ್ನೂ ಕೊಡಿ. ನಮ್ಮ ನೆಮ್ಮದಿಗೆ ಇನ್ನೊಬ್ಬರ ಹಬ್ಬ ಹಾಳಾಗಬಾರದು.

ಹೆಜ್ಜೆ 4: ಕೆಡದ ಸಾಮಾನೆಲ್ಲ ಮೂರು ವಾರ ಮುಂಚೆ

ಬೇಳೆ, ಬೆಲ್ಲ, ಮೈದಾ, ಚಿರೋಟಿ ರವೆ, ಎಣ್ಣೆ, ಏಲಕ್ಕಿ, ಅರಿಶಿನ-ಕುಂಕುಮ, ಊದುಬತ್ತಿ, ಕರ್ಪೂರ, ಬತ್ತಿ. ಇವು ಯಾವುವೂ ಮೂರು ವಾರದಲ್ಲಿ ಕೆಡುವುದಿಲ್ಲ. ಆದರೂ ಎಲ್ಲರೂ ಹಿಂದಿನ ಎರಡು ದಿನದಲ್ಲೇ ಮಂಡಿಪೇಟೆಗೆ ನುಗ್ಗುತ್ತೇವೆ. ವಾರದ ನಡುವೆ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನೋಡಿ. ಅಂಗಡಿಯವರೇ ನಿಂತು ಬೆಲ್ಲದಲ್ಲಿ ಎರಡು ಮೂರು ಬಗೆ ತೋರಿಸುತ್ತಾರೆ. ತಿಪಟೂರು ಕಡೆ ನೆಂಟರಿದ್ದರೆ ಕೊಬ್ಬರಿಯನ್ನು ಅವರಿಗೇ ಹೇಳಿಬಿಡಿ.

ಬಾಗಿನದ ಸಾಮಾನೂ ಇದೇ ಸಮಯಕ್ಕೆ. ಮೊರ, ಬಳೆ, ಕರಿಮಣಿ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಧಾನ್ಯ. ಎಷ್ಟು ಬಾಗಿನವೋ ಅಷ್ಟು ಪ್ಲಾಸ್ಟಿಕ್ ಕವರ್ ಸಾಲಾಗಿ ಇಟ್ಟುಕೊಂಡು, ಒಂದೊಂದು ಸಾಮಾನನ್ನೂ ಎಲ್ಲ ಕವರಿಗೂ ಹಾಕುತ್ತಾ ಬನ್ನಿ. ಒಂದು ಕವರ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಯಾವುದರಲ್ಲೋ ಏನೋ ಬಿಟ್ಟುಹೋಗುತ್ತದೆ. ಹಬ್ಬದ ದಿನ ಕಾಯಿ, ಹಣ್ಣು, ವೀಳ್ಯದೆಲೆ ಸೇರಿಸಿ ಮೊರಕ್ಕೆ ಸುರಿದರೆ ಆಯಿತು. ಮೊರಕ್ಕೆ ಅರಿಶಿನ ಹಚ್ಚಿ ಒಣಗಿಸುವುದು ಒಂದು ಭಾನುವಾರದ ಬಿಸಿಲಿನ ಕೆಲಸ. ಮಳೆ ಹಿಡಿದರೆ ಎರಡು ದಿನ ಬೇಕು.

ಟೈಲರಿಗೆ ಬ್ಲೌಸನ್ನು ಆಷಾಢದಲ್ಲೇ ಕೊಡಿ. ಹಬ್ಬಕ್ಕೆ ಒಂದು ವಾರ ಮುಂಚಿನ ತಾರೀಖು ಹೇಳಿ. ಚಕ್ಕುಲಿ ಹಿಟ್ಟನ್ನೂ ಮಿಲ್‌ನಲ್ಲಿ ಸಾಲು ಬೆಳೆಯುವ ಮುಂಚೆಯೇ ಮಾಡಿಸಿಕೊಳ್ಳಿ.

ಇನ್ನು ಗ್ಯಾಸ್. ಸಿಲಿಂಡರಿನಲ್ಲಿ ಎಷ್ಟಿದೆ ಅಂತ ನೋಡಲು ಒದ್ದೆ ಬಟ್ಟೆಯಿಂದ ಅದನ್ನು ಮೇಲಿಂದ ಕೆಳಗೆ ಒರೆಸಿ, ಒಂದೆರಡು ನಿಮಿಷ ಬಿಡಿ. ಖಾಲಿ ಇರುವ ಮೇಲಿನ ಭಾಗ ಬೇಗ ಒಣಗುತ್ತದೆ. ಗ್ಯಾಸ್ ಇರುವ ಕೆಳಭಾಗದಲ್ಲಿ ಒದ್ದೆ ನಿಂತಿರುತ್ತದೆ. ಆ ಗೆರೆ ಅರ್ಧಕ್ಕಿಂತ ಕೆಳಗಿದ್ದರೆ ಅವತ್ತೇ ಬುಕ್ ಮಾಡಿ. ನನಗೆ ಇದನ್ನು ಆ ಗೌರಿ ಹಬ್ಬದ ಮಾರನೆ ದಿನ ಪಕ್ಕದ ಮನೆಯವರು ಹೇಳಿಕೊಟ್ಟರು. ಆ ರಾತ್ರಿ ಬಾಗಿಲು ತಟ್ಟಿ ಸಿಲಿಂಡರ್ ಇಸಕೊಂಡಿದ್ದೂ ಅವರ ಮನೆಯಿಂದಲೇ.

ಹೆಜ್ಜೆ 5: ಇಡೀ ಮನೆ ಉಜ್ಜಬೇಡಿ

ಹಬ್ಬ ಅಂದ ತಕ್ಷಣ ಅಟ್ಟದಿಂದ ಶುರು ಮಾಡುವ ಅಭ್ಯಾಸ ನಮ್ಮದು. ಬಂದವರು ಯಾರೂ ಅಟ್ಟ ಹತ್ತಿ ನೋಡುವುದಿಲ್ಲ. ವರಮಹಾಲಕ್ಷ್ಮಿ, ಗೌರಿ-ಗಣೇಶಕ್ಕೆ ದೇವರಮನೆ, ಹಾಲ್, ಅಡುಗೆಮನೆ, ಬಚ್ಚಲು ಇಷ್ಟು ಸಾಕು. ಅಟ್ಟ, ಬೀರು, ಹಳೆ ಪೇಪರ್ ಎಲ್ಲ ಪಿತೃಪಕ್ಷದ 15 ದಿನಕ್ಕೆ ಇಡಿ, ದಿನಕ್ಕೆ ಅರ್ಧ ಗಂಟೆಯಂತೆ. ಆಯುಧ ಪೂಜೆಗೆ ಹೇಗೂ ಗಾಡಿ, ಮಿಕ್ಸಿ, ಕತ್ತಿ-ಕುಡುಗೋಲು ಎಲ್ಲವನ್ನೂ ತೊಳೆಯುತ್ತೀರಿ. ಅವನ್ನು ಮೊದಲೇ ಒಂದು ಸಲ ತೊಳೆಯುವುದು ಬೇಡ.

ಹಿತ್ತಾಳೆ ಪಾತ್ರೆಗೆ ನೆನೆಸಿದ ಹುಣಸೆಹಣ್ಣು-ಉಪ್ಪು, ಬೆಳ್ಳಿಗೆ ವಿಭೂತಿ. ಮೂರು ದಿನ ಮುಂಚೆ ಬೆಳಗಿ, ಒಂದು ಹನಿಯೂ ಉಳಿಯದ ಹಾಗೆ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಹಬ್ಬಕ್ಕೆ ಹಾಗೇ ಹೊಳೆಯುತ್ತವೆ. ಒದ್ದೆ ಇಟ್ಟರೆ ಮಾತ್ರ ಕಲೆ ಬೀಳುತ್ತದೆ.

ಹೆಜ್ಜೆ 6: "ಸಹಾಯ ಮಾಡಿ" ಅನ್ನಬೇಡಿ, ಕೆಲಸದ ಹೆಸರು ಹೇಳಿ

"ಯಾರೂ ಒಂದು ಕೈ ಹಾಕಲ್ಲ" ಅಂತ ನಾನೂ ವರ್ಷಗಟ್ಟಲೆ ಅಂದುಕೊಂಡಿದ್ದೆ. ಕೆಲಸವೆಲ್ಲ ನನ್ನ ತಲೆಯಲ್ಲೇ ಇದ್ದರೆ ಉಳಿದವರಿಗೆ ಹೇಗೆ ಗೊತ್ತಾಗಬೇಕು? ಈಗ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇನೆ. ಕೆಲಸ, ಯಾರದು, ಯಾವತ್ತಿಗೆ. ಮೂರೇ ಸಾಲು.

ನಮ್ಮನೆಯವರದು ಬಾಳೆಕಂದು, ಮಾವಿನಸೊಪ್ಪು, ತೆಂಗಿನಕಾಯಿ ಸುಲಿದು ತುರಿಯುವುದು, ಹಬ್ಬದ ದಿನ ಪಾತ್ರೆ. ಅತ್ತೆಯದು ಗೆಜ್ಜೆವಸ್ತ್ರ, ಬತ್ತಿ, ದಾರಕ್ಕೆ ಗಂಟು ಹಾಕುವುದು. ವರಮಹಾಲಕ್ಷ್ಮಿಗೆ ಒಂಬತ್ತು ಗಂಟು, ಗೌರಿಗೆ 16. ಮಗಳದು ರಂಗೋಲಿ, ಗಣಪನಿಗೆ 21 ಗರಿಕೆ ಎಣಿಸಿ ಕಟ್ಟುವುದು, ತಾಂಬೂಲದ ಚೀಲಕ್ಕೆ ಅಡಿಕೆ ಹಾಕುವುದು. ಕೊಟ್ಟ ಕೆಲಸದ ಮೇಲೆ ಮತ್ತೆ ಕೈ ಹಾಕಬೇಡಿ. ರಂಗೋಲಿಯ ಗೆರೆ ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಗಂಡಸರು ಕಾಯಿ ತುರಿದಾಗ ಚೂರು ಕರಟ ಸೇರಿರುತ್ತದೆ, ಆರಿಸಿಕೊಂಡರೆ ಆಯಿತು.

ಬೆಂಗಳೂರಿನಿಂದ ಬರುವ ಅಣ್ಣತಮ್ಮಂದಿರು, ನಾದಿನಿಯರಿಗೂ ಮೊದಲೇ ಹೇಳಿ. "ಅತ್ತಿಗೆ, ನಾನೇನು ತರಲಿ?" ಅಂತ ಕೇಳಿದರೆ "ಏನೂ ಬೇಡ, ನೀವು ಬನ್ನಿ ಸಾಕು" ಅನ್ನುವ ಮಾತು ಬಾಯಿಗೆ ಬರುತ್ತದೆ. ಅದರ ಬದಲು "ಹಣ್ಣೆಲ್ಲ ನಿಮ್ಮದು" ಅನ್ನಿ. ಅವರಿಗೂ ಖುಷಿ. ಹಬ್ಬದ ಹಿಂದಿನ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಸಾಧ್ಯವಾದರೆ ಮಧ್ಯಾಹ್ನವೇ ಹೊರಡಲು ಹೇಳಿ, ಇಲ್ಲವೇ ರೈಲಿಗೆ ಬರಲಿ. ದೂರದ ಊರಿಂದ ರೈಲಿನಲ್ಲಿ ಬರುವವರಿಗೆ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಆ ತಾರೀಖನ್ನೂ ಆಷಾಢದ ಹಾಳೆಯಲ್ಲೇ ಬರೆದಿಡಿ.

ಹೆಜ್ಜೆ 7: ಹೂವು

ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಎರಡು ಮೂರು ಪಟ್ಟು ಏರುವುದು ಎಲ್ಲರಿಗೂ ಗೊತ್ತು. ನಾವು ಅಕ್ಕಪಕ್ಕದ ಮೂರು ಮನೆಯವರು ಸೇರಿ ಎರಡು ದಿನ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುತ್ತೇವೆ. ಸೇವಂತಿಗೆಯನ್ನು ಕೆಜಿ ಲೆಕ್ಕದಲ್ಲಿ ಬಿಡಿ ಹೂವಾಗಿ ತಂದು ಹಂಚಿಕೊಂಡು, ಸಂಜೆ ಒಟ್ಟಿಗೆ ಕೂತು ಕಟ್ಟುತ್ತೇವೆ. ಸೇವಂತಿಗೆಗೆ ನೀರು ಸೋಕಿಸಬಾರದು. ಪೇಪರ್ ಹಾಸಿ ಹರಡಿಟ್ಟರೆ ಎರಡು ಮೂರು ದಿನ ಏನೂ ಆಗುವುದಿಲ್ಲ. ಮಲ್ಲಿಗೆ, ಕಾಕಡ ಹಿಂದಿನ ದಿನ ತಂದು ಬಾಳೆ ಎಲೆಯಲ್ಲಿ ಸುತ್ತಿಡಿ. ತಾವರೆ ಬೇಕಿದ್ದರೆ ಕೊನೆಯಲ್ಲಿ. ಮಾವಿನಸೊಪ್ಪನ್ನು ಕೊಂಬೆ ಸಮೇತ ಬಕೆಟ್ ನೀರಿನಲ್ಲಿಡಿ.

ಹೆಜ್ಜೆ 8: ಅಡುಗೆಯಲ್ಲಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಗರಿಗರಿ ಇರುತ್ತವೆ. ಪೂರ್ತಿ ಆರಿದ ಮೇಲೆ ತುಂಬಬೇಕು ಅಷ್ಟೇ. ಪುಳಿಯೋಗರೆ ಗೊಜ್ಜು ಎಣ್ಣೆ ಬಿಡುವವರೆಗೆ ಕುದಿಸಿದರೆ ವಾರಗಟ್ಟಲೆ ಇಡಬಹುದು. ದೀಪಾವಳಿಯ ಕಜ್ಜಾಯದ ಪಾಕದ ಹಿಟ್ಟು ಹೇಗೂ ಕೆಲವು ದಿನ ಮುಂಚೆ ಮಾಡಿಟ್ಟಷ್ಟೂ ಚೆನ್ನಾಗಿ ಬರುತ್ತದೆ. ಕೋಸಂಬರಿ, ಆಂಬೊಡೆ, ಅನ್ನ ಅವತ್ತಿನದ್ದೇ ಆಗಬೇಕು.

ಹೂರಣಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಹಬ್ಬದ ರಾತ್ರಿಗಳನ್ನು ತಿನ್ನುವುದು ಅದೇ. ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಬೇಡಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಡೆಯಬೇಕು, ಆದರೆ ಪಾತ್ರೆಯಲ್ಲಿ ಬೇಳೆ ಬೇಳೆಯಾಗಿಯೇ ಕಾಣಬೇಕು. ಆಗ ಇಳಿಸಿ ಕಟ್ಟು ಬಸಿಯಿರಿ. ತೂತಿನ ಪಾತ್ರೆಯಲ್ಲಿ ಹತ್ತು ನಿಮಿಷ ಹಾಗೇ ಬಿಡಿ. ಅವಸರ ಮಾಡಿದರೆ ಇಲ್ಲಿ ಉಳಿದ ನೀರೇ ಆಮೇಲೆ ಕಾಡುವುದು. ಆ ಕಟ್ಟನ್ನು ಸಾರಿಗೆ ಎತ್ತಿಡಿ. ಬೇಳೆಗೆ ಪುಡಿ ಮಾಡಿದ ಬೆಲ್ಲ ಸೇರಿಸಿ ಒಲೆ ಮೇಲಿಟ್ಟಾಗ ಮೊದಲು ನೀರು ಬಿಡುತ್ತದೆ, ಹೆದರಬೇಡಿ. ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರಿ. ನಡುವೆ ಸೌಟು ನಿಲ್ಲಿಸಿದರೆ ಬೀಳದೆ ನಿಂತುಕೊಳ್ಳಬೇಕು. ಆರಿದ ಮೇಲೆ ಏಲಕ್ಕಿ ಹಾಕಿ ರುಬ್ಬಿ. ಬಿಸಿ ಇದ್ದಾಗ ರುಬ್ಬಿದರೆ ಅಂಟಾಗುತ್ತದೆ. ಇಷ್ಟಾದರೂ ತೆಳ್ಳಗಾಯಿತಾ? ದಪ್ಪ ತಳದ ಬಾಣಲೆಯಲ್ಲಿ ಮತ್ತೆ ಸಣ್ಣ ಉರಿಯಲ್ಲಿ ಬಾಡಿಸಿ, ಇಲ್ಲವೇ ಒಂದೆರಡು ಚಮಚ ಹುರಿಗಡಲೆ ಪುಡಿ ಕಲಸಿ. ಸರಿಹೋಗುತ್ತದೆ.

ಈ ಹೂರಣ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಹಾಗಾಗಿ ಹಿಂದಿನ ದಿನ ಬೆಳಿಗ್ಗೆಯೇ ಮಾಡಿಡಿ. ಕಣಕ ಮಾತ್ರ ಹಬ್ಬದ ಬೆಳಿಗ್ಗೆ ಎದ್ದ ತಕ್ಷಣ ಕಲಸಿ ಎಣ್ಣೆಯಲ್ಲಿ ನೆನೆಯಲು ಬಿಟ್ಟರೆ ಸಾಕು. ಮಡಿ ಇರುವ ಮನೆಗಳಲ್ಲಿ ಹಿಂದಿನ ದಿನದ್ದು ನೈವೇದ್ಯಕ್ಕೆ ಆಗುವುದಿಲ್ಲ. ಅಂಥವರು ಎಡೆಗೆ ಬೇಕಾದ ನಾಲ್ಕು ಒಬ್ಬಟ್ಟಿಗಾಗುವಷ್ಟು ಬೇಳೆಯನ್ನು ಮಾತ್ರ ಅವತ್ತು ಮಡಿಯಲ್ಲಿ ಬೇಯಿಸಬಹುದು. ಮನೆಮಂದಿಗೆ ಆಗುವ ದೊಡ್ಡ ಪಾಲು ಮೊದಲೇ ಆಗಿರುತ್ತದೆ.

ರುಬ್ಬುವ, ಅರೆಯುವ ಕೆಲಸವನ್ನು ಸಂಜೆಗೆ ಉಳಿಸಬೇಡಿ. ಮಳೆಗಾಲ, ಕರೆಂಟ್ ಹೋದರೆ ಎಲ್ಲವೂ ನಿಲ್ಲುತ್ತದೆ. ಬೆಸ್ಕಾಂ ಸಹಾಯವಾಣಿ 1912 ಫೋನಿನಲ್ಲಿ ಇರಲಿ.

ಹೆಜ್ಜೆ 9: ಹಿಂದಿನ ದಿನ

ಸಂಜೆ ಆರರ ಮೇಲೆ ಒಲೆಯ ಕೆಲಸ ಇಲ್ಲ. ಮಂಟಪ ಕಟ್ಟಿ, ಕಳಶಕ್ಕೆ ಬೇಕಾದದ್ದನ್ನು ಒಂದು ತಟ್ಟೆಯಲ್ಲಿ ಜೋಡಿಸಿ. ಲಕ್ಷ್ಮಿಗೆ ಸೀರೆ ಉಡಿಸುವವರು ನೆರಿಗೆಯನ್ನು ಈಗಲೇ ಹಿಡಿದು ಬಟ್ಟೆ ಕ್ಲಿಪ್ ಹಾಕಿಟ್ಟರೆ ಬೆಳಿಗ್ಗೆ ಉಡಿಸುವುದು ಬೇಗ ಆಗುತ್ತದೆ. ಬೆಂಕಿಪೊಟ್ಟಣ ದೇವರಮನೆಯಲ್ಲೇ ಇದೆಯಾ ನೋಡಿ. ಎಲ್ಲರ ಬಟ್ಟೆ ತೆಗೆದಿಡಿ. ರಾತ್ರಿಗೆ ಅನ್ನ-ಮೊಸರು, ಇಲ್ಲವೇ ಉಪ್ಪಿಟ್ಟು. ಹೊರಗಿಂದ ತಟ್ಟೆ ಇಡ್ಲಿ ತಂದರೂ ಆಯಿತು.

ಒಂಬತ್ತೂವರೆಗೆ ಹಾಳೆ ನೋಡಿ. ಉಳಿದ ಕೆಲಸದ ಮೇಲೆ ಗೆರೆ ಎಳೆಯಿರಿ. ಮೊದಲ ವರ್ಷ ಆ ಗೆರೆ ಎಳೆಯುವಾಗ ನನ್ನ ಕೈ ಹಿಂದೆ ಬಂದಿತ್ತು. ಹತ್ತಕ್ಕೆ ದೀಪ ಆರಿಸಿ. ಗಣೇಶನ ದಿನಗಳಲ್ಲಿ ಬೀದಿಯ ಮೈಕ್ ಹತ್ತಾದರೂ ನಿಲ್ಲದಿದ್ದರೆ, ಮನೆಯಲ್ಲಿ ಮಗುವೋ ವಯಸ್ಸಾದವರೋ ಇದ್ದಾರೆ ಅಂತ ಹುಡುಗರಿಗೆ ಪ್ರೀತಿಯಿಂದ ಹೇಳಿ. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ನಿಯಮವೇ ಇದೆ. ನಮ್ಮ ಬೀದಿಯ ಹುಡುಗರು ಒಂದೇ ಮಾತಿಗೆ ಕೇಳಿದರು.

ಹೆಜ್ಜೆ 10: ಹಬ್ಬದ ದಿನ

ಅರಿಶಿನ-ಕುಂಕುಮಕ್ಕೆ "ಸಂಜೆ ಬನ್ನಿ" ಅನ್ನಬೇಡಿ, "ಐದರಿಂದ ಎಂಟರೊಳಗೆ ಬನ್ನಿ" ಅನ್ನಿ. ಎಂಟರ ಮೇಲೆ ಆ ದಿನ ನಿಮ್ಮದು. ನೀವೂ ಹತ್ತು ಮನೆಗೆ ಹೋಗಬೇಕಿದ್ದರೆ ಅರ್ಧ ಇವತ್ತು, ಅರ್ಧ ಮಾರನೆ ದಿನ. ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನಕ್ಕೆ ಶ್ರಾವಣದ ಶುಕ್ರವಾರವೇ ಆಗಬೇಕು ಅನ್ನುವ ಹರಕೆ ಇಲ್ಲದಿದ್ದರೆ ಬೇರೆ ವಾರ ಹೋಗಿ. ಚಿಕ್ಕಮಕ್ಕಳನ್ನು, ವಯಸ್ಸಾದವರನ್ನು ಆ ನೂಕುನುಗ್ಗಲಿನ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಪೂಜೆ ಮುಗಿಯುವವರೆಗೆ ಉಪವಾಸ ಇರುವ ಮುಂಚೆ ಡಾಕ್ಟರನ್ನು ಕೇಳಿ. ಅತ್ತೆಯ ಮಾತ್ರೆ ಡಬ್ಬಿಯನ್ನು ಅವತ್ತು ನಾನು ಹಾಲ್‌ನಲ್ಲಿರುವ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಇಡುತ್ತೇನೆ. ಪೂಜೆ ಗಡಿಬಿಡಿಯಲ್ಲಿ ತಪ್ಪುವುದು ಮೊದಲು ಅದೇ.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ, ಬಡಿಸುವವರೂ ಸೇರಿ. ಎಲ್ಲವನ್ನೂ ನಡುವೆ ಇಟ್ಟುಕೊಂಡರೆ ಯಾರೂ ನಿಂತಿರಬೇಕಾಗಿಲ್ಲ.

ಮನಸ್ಸು ಭಾರವಾಗಿದ್ದರೆ

ಇದಕ್ಕೆ ಹೆಜ್ಜೆಯ ಲೆಕ್ಕ ಇಲ್ಲ. ಮನೆಯಲ್ಲಿ ಒಬ್ಬರು ತೀರಿಕೊಂಡ ವರ್ಷ ಹಬ್ಬ ಮಾಡುವುದಿಲ್ಲ. ಸುತ್ತ ಎಲ್ಲರ ಬಾಗಿಲಲ್ಲೂ ತೋರಣ ಇರುವಾಗ ಒಂದು ಬಾಗಿಲು ಮಾತ್ರ ಖಾಲಿ ಇರುತ್ತದೆ. ಅಂಥ ಮನೆ ನಿಮ್ಮ ಬೀದಿಯಲ್ಲಿದ್ದರೆ ಅವತ್ತು ಸಂಜೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಹೋದವರ ಹೆಸರು ಎತ್ತಿ ಮಾತಾಡಿ, ಅವರಿಗೆ ಅದು ಬೇಕಾಗಿರುತ್ತದೆ. ನಮ್ಮ ಮಾವ ತೀರಿಕೊಂಡ ವರ್ಷ ಹಾಗೆ ಬಂದು ಕೂತವರನ್ನು ನಾವು ಇವತ್ತಿಗೂ ನೆನೆಯುತ್ತೇವೆ.

ನಿಮಗೇ ನಿದ್ದೆ ಬಾರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಹಬ್ಬ ಬರುತ್ತದೆ ಅಂದರೇ ಭಯ ಆಗುತ್ತಿದ್ದರೆ ಅದನ್ನು ನುಂಗಿಕೊಂಡು ಕೂರಬೇಡಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಯಾವಾಗಲಾದರೂ ಸರಿ.

ಕೊನೆಯ ಹೆಜ್ಜೆ: ಮಾರನೆ ದಿನ ಐದು ನಿಮಿಷ

ಪಾತ್ರೆ ಇನ್ನೂ ಬೋರಲು ಹಾಕಿರುವಾಗಲೇ, ಮರೆಯುವ ಮುಂಚೆ, ಆಷಾಢದ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಎಷ್ಟು ತಂದಿದ್ದೆ, ಎಷ್ಟು ಉಳಿಯಿತು, ಯಾವುದು ಸಾಲಲಿಲ್ಲ, ಯಾವುದನ್ನು ಯಾರೂ ಮುಟ್ಟಲಿಲ್ಲ. ನಮ್ಮ ಹೋದ ಗೌರಿ ಹಬ್ಬದ ಹಾಳೆ ಈಗ ನನ್ನ ಎದುರಿಗೇ ಇದೆ. ಒಂದು ಮೂಲೆಗೆ ಹೂರಣ ಅಂಟಿದೆ. ಅದರಲ್ಲಿ ಹೀಗಿದೆ: "ಬೇಳೆ ಒಂದು ಕೆಜಿ ಸಾಕು. ಸೇವಂತಿಗೆ ಅರ್ಧ ಕೆಜಿ ಜಾಸ್ತಿ ಆಯ್ತು, ಮುಂದಿನ ಸಲ ನಾಲ್ಕು ಮನೆ ಹಂಚಿಕೊಳ್ಳೋದು. ಬಳೆ ಎರಡು ಡಜನ್ ಉಳಿದಿದೆ, ಬೀರುವಿನ ಮೇಲಿನ ಅರೆ. ಊದುಬತ್ತಿ ತರಬೇಡ." ಅದರ ಕೆಳಗೆ ಮಗಳು ತನ್ನ ಅಕ್ಷರದಲ್ಲಿ ಸೇರಿಸಿದ್ದಾಳೆ: "ರಂಗೋಲಿಗೆ ನೀಲಿ ಬಣ್ಣ ಇನ್ನೂ ಬೇಕು."